ಎಳನೀರೂ ಜೀವಕೋಶದ ಬಾಗಿಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಮಗುವಿಗೆ ಭೇದಿಯಾದರೆ ಮೊದಲು ನೆನಪಾಗುವುದು ತೋಟದ ಎಳನೀರು. ಅದೊಂದೇ ಸಾಕೇ?

ನಮ್ಮ ಪ್ರತಿಯೊಂದು ಜೀವಕೋಶದ ಸುತ್ತಲೂ ಎರಡು ಪದರದ ಜಿಡ್ಡಿನ ಪೊರೆಯುಂಟು. ಕೊಬ್ಬರಿ ಎಣ್ಣೆಯಲ್ಲಿ ಉಪ್ಪು ಕರಗದು. ಹಾಗೆಯೇ ಈ ಪೊರೆಯನ್ನು ಉಪ್ಪೂ ಸಕ್ಕರೆಯೂ ತಾವಾಗಿ ದಾಟಲಾರವು. ಅವಕ್ಕೆ ಪ್ರೋಟೀನಿನ ಬಾಗಿಲು ಬೇಕು. ಸಣ್ಣ ಕರುಳಿನ ಒಂದು ಬಾಗಿಲು ಸೋಡಿಯಂ, ಗ್ಲೂಕೋಸ್ ಎರಡನ್ನೂ ಜೊತೆಯಾಗಿಯೇ ಒಳಕ್ಕೆ ಬಿಡುತ್ತದೆ. ನೀರು ಅವುಗಳ ಹಿಂದೆಯೇ ಸಾಗುತ್ತದೆ. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ವಿವರಿಸಿದರು. ಭೇದಿಯಲ್ಲಿಯೂ ಈ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಆದುದರಿಂದ ಎಳನೀರು ಕೊಡಿ, ಆದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸುವುದನ್ನು ಮರೆಯಬೇಡಿ. ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.