ವಿಡಿಯೋ ಪಾಠಗಳೂ ಕಾಲೇಜು ವ್ಯಾಸಂಗವೂ

ಉಪನ್ಯಾಸವು ತರಗತಿಯ ಗೋಡೆಗಳನ್ನು ದಾಟಿ ಜನರಿದ್ದೆಡೆಗೆ ಹೋಗಬೇಕೆಂಬ ಆಶಯ ಮೈಸೂರು ಸೀಮೆಗೆ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಟ್ಟರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಆ ಕೇಂದ್ರದಿಂದ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. 1984ರಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪಾಠಗಳು ದೂರದರ್ಶನದಲ್ಲಿ ಬಿತ್ತರಗೊಂಡವು. ಇಂದಿನ ವಿಡಿಯೋ ಪಾಠವು ಈ ಪರಂಪರೆಯಲ್ಲಿಯೇ ಬಂದುದು. ಅದನ್ನು ವಿದ್ಯಾರ್ಥಿಯು ಹೇಗೆ ಬಳಸಿಕೊಂಡರೆ ವ್ಯಾಸಂಗಕ್ಕೆ ನೆರವಾದೀತೆಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವು ಕೇವಲ ತಾತ್ತ್ವಿಕವಾಗಿ ಉಳಿಯಬಾರದೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ಸೀಮೆಯಲ್ಲಿ ಹರವೆಯೆಂಬ ಹೋಬಳಿ ಕೇಂದ್ರವಿದೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಅವಳು ಓದಿದುದು ಕನ್ನಡದಲ್ಲಿ. ಈಗ ಭೌತಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿ. ಬಸ್ಸು ತಡವಾದ ದಿನ ಮೊದಲ ಗಂಟೆಯ ಪಾಠ ತಪ್ಪುತ್ತದೆ. ಅರಿಸಿನದ ಕೊಯಿಲಿನ ಕಾಲದಲ್ಲಿ ಮನೆಯ ಕೆಲಸವೂ ಸೇರುತ್ತದೆ. ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಲು ಊರಿನಲ್ಲಿ ಯಾರೂ ಇಲ್ಲ. ನಗರದ ವಿದ್ಯಾರ್ಥಿಗೆ ವಿಡಿಯೋ ಪಾಠವು ಒಂದು ಅನುಕೂಲವಾದರೆ, ಇವಳಿಗೆ ಅದು ಪದವಿಯನ್ನು ಮುಂದುವರಿಸುವುದಕ್ಕೂ ನಡುವೆ ಬಿಡುವುದಕ್ಕೂ ಇರುವ ಅಂತರವಾಗಬಹುದು.

ಇವಳಿಗೆ ದೊರೆಯುವುದೇನು? ನಮ್ಮ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಯೋಜನೆಯಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗಿನ ಪಾಠಗಳು ಉಚಿತವಾಗಿವೆ. ಕೆಲವು ಪಾಠಗಳ ಕನ್ನಡ ಅನುವಾದವೂ ಆಗಿದೆ. 2017ರ ಜುಲೈಯಲ್ಲಿ ಕೇಂದ್ರ ಸರ್ಕಾರವು ‘ಸ್ವಯಂ’ ವೇದಿಕೆಯನ್ನು ಆರಂಭಿಸಿತು. ಅದರ ಪ್ರತಿಯೊಂದು ಪಾಠಕ್ಕೂ ನಾಲ್ಕು ಅಂಗಗಳು: ವಿಡಿಯೋ, ಓದುವ ಸಾಮಗ್ರಿ, ಸ್ವಪರೀಕ್ಷೆ ಮತ್ತು ಚರ್ಚಾವೇದಿಕೆ. ಕಲಿಯುವುದಕ್ಕೆ ಹಣವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡ 40ರವರೆಗೆ ಇಲ್ಲಿ ಕಲಿತು ಪದವಿಗೆ ಸೇರಿಸಿಕೊಳ್ಳಲು ಆಯೋಗದ 2021ರ ನಿಯಮಾವಳಿಯು ಅವಕಾಶ ನೀಡಿತು. ಅಂತರಜಾಲವೇ ದುರ್ಬಲವಾದಲ್ಲಿ ‘ಸ್ವಯಂ ಪ್ರಭಾ’ ವಾಹಿನಿಗಳನ್ನು ಡಿಶ್ ಆಂಟೆನಾದ ಮೂಲಕ ಮನೆಯ ಟಿ.ವಿ.ಯಲ್ಲಿಯೇ ನೋಡಬಹುದು, ಒಂದೇ ಪಾಠವು ದಿನದಲ್ಲಿ ಹಲವು ಬಾರಿ ಬರುವುದರಿಂದ ಹೊತ್ತು ತಪ್ಪಿದರೂ ಪಾಠ ತಪ್ಪುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಬಹುಮಾಧ್ಯಮ ಸಂಶೋಧನ ಕೇಂದ್ರವೂ ಪಾಠಗಳನ್ನು ಸಿದ್ಧಪಡಿಸಿದೆ. ಹೊರದೇಶದ ಕಡೆಗೆ ನೋಡಿದರೆ, ಅಮೆರಿಕದ ಎಂ.ಐ.ಟಿ.ಯು ತನ್ನ ಪಾಠಸಾಮಗ್ರಿಯನ್ನು ಲೋಕಕ್ಕೆಲ್ಲ ತೆರೆದಿಡುವುದಾಗಿ 2001ರಲ್ಲಿಯೇ ಸಾರಿತು.

ಸಾಮಗ್ರಿಯ ಅಭಾವವಿಲ್ಲವೆಂದಾಯಿತು. ಕೊರತೆಯಿರುವುದು ನೋಡುವ ರೀತಿಯಲ್ಲಿ. ನುರಿತ ಉಪನ್ಯಾಸಕರು ಸರಾಗವಾಗಿ ವಿವರಿಸುತ್ತಿರುವಾಗ ನೋಡುವವನಿಗೆ ಎಲ್ಲವೂ ತಿಳಿದಂತೆಯೇ ಭಾಸವಾಗುತ್ತದೆ. ಆದರೆ ಸರಾಗತೆ ಹೇಳುವವರದು, ಕೇಳುವವನದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಸ್ಮರಿಸಬೇಕು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಓದಿದರು. ಕೆಲವರು ಓದಿದುದನ್ನು ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ನೆನಪಿನಿಂದ ಬರೆದವರು ಮುಂದಾದರು. 2013ರಲ್ಲಿ ಹಾರ್ವರ್ಡಿನ ಸಂಶೋಧಕರು 21 ನಿಮಿಷಗಳ ಒಂದು ವಿಡಿಯೋ ಪಾಠವನ್ನು ನಾಲ್ಕು ಭಾಗಮಾಡಿ, ನಡುನಡುವೆ ಕಿರುಪರೀಕ್ಷೆಯನ್ನಿಟ್ಟರು. ಆಗ ನೋಡುವವರ ಮನಸ್ಸು ಅತ್ತಿತ್ತ ಅಲೆಯುವುದು ಸುಮಾರು ಅರ್ಧದಷ್ಟಕ್ಕೆ ಇಳಿಯಿತು. ಇದರಿಂದ ತಿಳಿಯುವುದಿಷ್ಟು: ವಿಡಿಯೋ ಪಾಠದ ಸಾರ್ಥಕತೆಯು ಅದನ್ನು ಎಲ್ಲಿ ನಿಲ್ಲಿಸುತ್ತೇವೆ, ನಿಲ್ಲಿಸಿದಾಗ ಏನು ಮಾಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಉದಾಹರಣೆಗೆ, ತಿರುಗುವ ವಸ್ತುಗಳ ಚಲನೆಯನ್ನು ಕುರಿತ ಪಾಠವನ್ನು ತೆಗೆದುಕೊಳ್ಳೋಣ. ಬೈಸಿಕಲ್ಲಿನ ಚಕ್ರವೊಂದನ್ನು ಜೋರಾಗಿ ತಿರುಗಿಸಿ, ಅದರ ಅಚ್ಚಿನ ಒಂದು ತುದಿಯನ್ನು ಮಾತ್ರ ಹಗ್ಗಕ್ಕೆ ತೂಗುಬಿಡುತ್ತಾರೆ. ಚಕ್ರವು ಕೆಳಗೆ ಬೀಳದೆ, ಹಗ್ಗದ ಸುತ್ತ ಅಡ್ಡಡ್ಡಲಾಗಿ ಮೆಲ್ಲನೆ ಸುತ್ತತೊಡಗುತ್ತದೆ. ಇಲ್ಲಿ ವಿಡಿಯೋವನ್ನು ನಿಲ್ಲಿಸಬೇಕು. ಚಕ್ರದ ತಿರುಗುವಿಕೆ ಕುಗ್ಗುತ್ತ ಬಂದಂತೆ ಹಗ್ಗದ ಸುತ್ತಣ ಚಲನೆ ನಿಧಾನವಾಗುವುದೋ, ತ್ವರಿತವಾಗುವುದೋ? ಉತ್ತರವನ್ನು ಕಾರಣಸಹಿತವಾಗಿ ಪುಸ್ತಕದಲ್ಲಿ ಬರೆದು, ಆಮೇಲೆ ಮುಂದೆ ನೋಡಬೇಕು. ನಿಧಾನವಾಗುವುದೆಂದು ಬರೆಯುವುದು ಸಹಜ. ವಾಸ್ತವದಲ್ಲಿ ಅದು ತ್ವರಿತವಾಗುತ್ತದೆ. ಭೂಮಿಯ ಆಕರ್ಷಣೆಯಿಂದುಂಟಾಗುವ ಟಾರ್ಕು ಮೊದಲಿನಷ್ಟೇ ಇದ್ದು, ಚಕ್ರದ ಕೋನೀಯ ಸಂವೇಗ ಮಾತ್ರ ಕಡಿಮೆಯಾಗುತ್ತದೆ. ಕಡಿಮೆ ಸಂವೇಗದ ದಿಕ್ಕನ್ನು ಅಷ್ಟೇ ಟಾರ್ಕು ಬೇಗ ಬದಲಿಸಬಲ್ಲುದು. ತಾನು ಬರೆದ ತಪ್ಪು ಉತ್ತರವನ್ನು ತಾನೇ ತಿದ್ದಿಕೊಂಡ ವಿದ್ಯಾರ್ಥಿನಿಯು ಈ ನಿಯಮವನ್ನು ಸುಲಭವಾಗಿ ಮರೆಯಳು. ಬೀಳುವ ಮುನ್ನ ಬುಗುರಿಯ ತಲೆಯ ಓಲಾಟ ಬಿರುಸಾಗುವುದೇಕೆಂಬುದೂ ಅವಳಿಗೆ ಹೊಳೆಯುತ್ತದೆ.

ಆದಕಾರಣ ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ಕ್ರಮ ಸರಳವಾದುದು. ಮೊದಲು ಪಠ್ಯಪುಸ್ತಕದ ಆ ಭಾಗವನ್ನು ಓದಿ, ತಿಳಿಯದ ಅಂಶಗಳನ್ನು ಪ್ರಶ್ನೆಗಳಾಗಿ ಬರೆದುಕೊಳ್ಳಬೇಕು. ವಿಡಿಯೋವನ್ನು ಐದಾರು ನಿಮಿಷಗಳಿಗೊಮ್ಮೆ ನಿಲ್ಲಿಸಿ, ಕೇಳಿದುದನ್ನು ತನ್ನ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲಿಯೇ, ಬರೆಯಬೇಕು. ಕೊನೆಗೆ ವಿಡಿಯೋವನ್ನು ಮುಚ್ಚಿ ಒಂದು ಲೆಕ್ಕವನ್ನಾದರೂ ತಾನೇ ಬಿಡಿಸಬೇಕು. ಉಳಿದ ಸಂದೇಹವನ್ನು ಮರುದಿನ ತರಗತಿಗೆ ತರಬೇಕು.

ಅಧ್ಯಾಪಕ ಮಿತ್ರರ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಅಸಂಖ್ಯ ವಿಡಿಯೋಗಳಲ್ಲಿ ಸರಿಯಾದುದು ಯಾವುದು, ನಮ್ಮ ಪಠ್ಯಕ್ರಮಕ್ಕೆ ಹೊಂದುವುದು ಯಾವುದು ಎಂಬುದನ್ನು ವಿದ್ಯಾರ್ಥಿಯು ಅರಿಯಲಾರನು. ಅಧ್ಯಾಪಕರು ವಾರಕ್ಕೆ ಒಂದನ್ನು ಆರಿಸಿ, ಎಷ್ಟನೆಯ ನಿಮಿಷದಿಂದ ನೋಡಬೇಕೆಂದು ತಿಳಿಸಿ, ಮೂರು ಪ್ರಶ್ನೆಗಳನ್ನೂ ಪಾರಿಭಾಷಿಕ ಪದಗಳ ಕನ್ನಡ ವಿವರಣೆಯನ್ನೂ ಒಂದು ಹಾಳೆಯಲ್ಲಿ ಕೊಟ್ಟರೆ ಮಹೋಪಕಾರವಾಗುತ್ತದೆ. ಎಲ್ಲ ವಿದ್ಯಾರ್ಥಿಗಳಲ್ಲಿಯೂ ಒಳ್ಳೆಯ ಮೊಬೈಲು ಇರುವುದಿಲ್ಲ. ಹಂಚಿಕೊಳ್ಳಲು ಅನುಮತಿಯುಳ್ಳ ಪಾಠಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಸಂಗ್ರಹಿಸಿ, ಬಸ್ಸಿಗಾಗಿ ಕಾಯುವ ಸಂಜೆಯ ಹೊತ್ತಿನಲ್ಲಿ ನೋಡುವ ಏರ್ಪಾಡು ಮಾಡಬಹುದು.

ವಿಡಿಯೋ ಪಾಠವು ವಿದ್ಯಾರ್ಥಿಯ ಮುಖವನ್ನು ನೋಡಿ ತಿಳಿಯಿತೇ ಎಂದು ಕೇಳಲಾರದು. ಆ ಪ್ರಶ್ನೆಯನ್ನು ಕೇಳಬೇಕಾದವರು ನಾವೇ. ಆದರೆ ಅದು ಬೇಸರಿಸದೆ ಹತ್ತು ಬಾರಿ ಹೇಳಬಲ್ಲುದು, ಮನೆಗೆಲಸ ಮುಗಿಯುವ ತನಕ ಕಾಯಬಲ್ಲುದು. ಈ ಎರಡು ಗುಣಗಳನ್ನು ಬಳಸಿಕೊಂಡು, ಹರವೆಯಂಥ ಊರುಗಳಿಂದ ಬರುವ ವಿದ್ಯಾರ್ಥಿಗಳು ತಪ್ಪಿದ ಒಂದು ಪಾಠದ ಕಾರಣದಿಂದ ಇಡೀ ವ್ಯಾಸಂಗವನ್ನೇ ಕೈಬಿಡದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.