ರಜೆಗೆ ಮೊದಲು ಮನೆಯವರಿಗೆ ನಾಲ್ಕು ಮಾತು

ಡಿಸೆಂಬರ್ ಮೂರನೇ ವಾರ ಬಂತೆಂದರೆ ನಮ್ಮ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು, 'ಮೇಷ್ಟ್ರೇ, ರಜೆಯ ಸೂಚನೆ ಬರೆದುಕೊಡಿ, ಮಕ್ಕಳ ಡೈರಿಯಲ್ಲಿ ಬರೆಸಬೇಕು' ಎನ್ನುತ್ತಾರೆ. ನನ್ನ ಅಕ್ಷರ ದುಂಡಗಿದೆ ಎಂಬುದೊಂದೇ ಇದಕ್ಕೆ ಕಾರಣ. ರಜೆ ಇಂಥ ದಿನದಿಂದ ಇಂಥ ದಿನದವರೆಗೆ, ಶಾಲೆ ತೆರೆಯುವ ದಿನ ಯೂನಿಫಾರಂ ಕಡ್ಡಾಯ, ಮನೆಗೆಲಸ ಮುಗಿಸಿ ತರುವುದು, ಕೆಳಗೆ ಪೋಷಕರ ಸಹಿ. ಹೀಗೆ ಎಂಟು ಸಾಲು. ಸಹಿ ಮಾತ್ರ ತಪ್ಪದೆ ಬರುತ್ತದೆ. ಓದಿ ಹಾಕಿದ ಸಹಿ ಯಾವುದು, ಒಲೆಯ ಮುಂದೆ ನಿಂತು ಓದದೆ ಹಾಕಿದ್ದು ಯಾವುದು, ಮಗುವೇ ಹಾಕಿಕೊಂಡದ್ದು ಯಾವುದು ಎಂಬುದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವನಿಗೆ ನೋಡಿದೊಡನೆ ತಿಳಿಯುತ್ತದೆ.

ಆ ಎಂಟು ಸಾಲಿನಲ್ಲಿ ಹಿಡಿಸದ ಕೆಲವು ಮಾತುಗಳಿವೆ. ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ರಜೆ ಬೇಸಿಗೆ ರಜೆಯಂತಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ದೊಡ್ಡ ರಜೆ ಎಂದರೆ ದಸರಾ ಮತ್ತು ಬೇಸಿಗೆ; ಕ್ರಿಸ್‌ಮಸ್‌ಗೆ ಒಂದೇ ದಿನ. ನಮ್ಮದರಂಥ ಕ್ರೈಸ್ತ ಆಡಳಿತದ ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಉಳಿಸಿಕೊಂಡು ಡಿಸೆಂಬರಿನಲ್ಲಿ ಕೊಡುತ್ತವೆ. ಕೇಂದ್ರೀಯ ವಿದ್ಯಾಲಯಗಳಿಗೆ ಚಳಿಗಾಲದ ರಜೆ ಬೇರೆಯೇ ಇದೆ. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣನಿಗೆ ಶಾಲೆ, ತಂಗಿಗೆ ರಜೆ. ಬೇಸಿಗೆಯಲ್ಲಾದರೆ ಬೀದಿ ತುಂಬ ಮಕ್ಕಳು, ಜಗಲಿಯ ಮೇಲೆ ದೊಡ್ಡವರು. ಡಿಸೆಂಬರಿನಲ್ಲಿ ದೊಡ್ಡವರಿಗೆ ಬಿಡುವಿಲ್ಲ. ಬಯಲುಸೀಮೆಯಲ್ಲಿ ರಾಗಿ ಕೊಯ್ಲು, ಕಣದ ಕೆಲಸ. ಮಲೆನಾಡಿನ ಕಡೆ ಕಾಫಿ ಕುಯಿಲು. ಪೇಟೆಯವರಿಗೆ ಎಂದಿನ ಕಚೇರಿ. ಮಗುವಿಗೆ ಬಿಡುವಿರುವ ಹೊತ್ತಿಗೆ ಮಗುವಿನ ಮೇಲೆ ಇರಬೇಕಾದ ಕಣ್ಣುಗಳು ಕಡಿಮೆಯಾಗಿರುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಆಧಾರ್ ಮೂರನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಆಗಿದೆಯೇ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ 'ಲಕ್ಷ್ಮಿ', ಇನ್ನೊಂದರಲ್ಲಿ 'ಲಕ್ಷ್ಮೀದೇವಿ'. ಏಳನೇ ತರಗತಿಯಲ್ಲಿ ಇದು ಒಂದು ಅರ್ಜಿಯ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ವರ್ಷಗಟ್ಟಲೆ ಅಲೆದಾಟ. ಐದು ತುಂಬಿದಾಗ ಮತ್ತು ಹದಿನೈದು ತುಂಬಿದಾಗ ಆಧಾರ್‌ನಲ್ಲಿ ಮಗುವಿನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು, ಅನೇಕರು ಮರೆಯುತ್ತಾರೆ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕಾದವರು ನಾಡಕಚೇರಿಗೆ ಈಗಲೇ ಹೋಗಿಬನ್ನಿ. ಅಲ್ಲಿಗೆ ಮಗುವನ್ನೂ ಕರೆದೊಯ್ದರೆ ಒಳ್ಳೆಯದೇ, ಸರದಿಯಲ್ಲಿ ನಿಲ್ಲುವುದೂ ಒಂದು ಪಾಠ.

ಇನ್ನು ಪ್ರಾಜೆಕ್ಟು. ರಜೆ ಕಳೆದ ಮರುದಿನ ನಮ್ಮ ಸ್ಟಾಫ್ ರೂಮು ಥರ್ಮಾಕೋಲಿನ ಗೋದಾಮಿನಂತೆ ಕಾಣುತ್ತದೆ. ಸೌರವ್ಯೂಹ, ಜ್ವಾಲಾಮುಖಿ, ಮನುಷ್ಯನ ಹೃದಯ. ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತವೆ, ಇಲ್ಲವಾದರೆ ರಾತ್ರಿ ಹನ್ನೊಂದರವರೆಗೆ ಕೂತು ತಾಯಿ ಅಂಟಿಸಿರುತ್ತಾರೆ. ಇದರಲ್ಲಿ ಪಾಲಕರದು ತಪ್ಪೆಂದು ನಾನು ಹೇಳಲಾರೆ. ಬರೆಸಿದವರು ನಾವು. ಹತ್ತು ವರ್ಷ ನಾನೂ ಸೌರವ್ಯೂಹ ತರಿಸಿದ್ದೇನೆ. ಒಂದು ಸಲ ಒಬ್ಬ ಹುಡುಗಿಯನ್ನು, 'ಇದರಲ್ಲಿ ಭೂಮಿ ಯಾವುದಮ್ಮ?' ಎಂದೆ. 'ಅಪ್ಪನ್ನ ಕೇಳಬೇಕು ಸಾರ್' ಎಂದಳು. ಅಂದಿಗೆ ಬಿಟ್ಟೆ.

ಅದರ ಬದಲು ನಮ್ಮ ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಒಂದು ಕೋಲು ನೆಡಲು ಹೇಳುತ್ತೇನೆ. ಖರ್ಚಿಲ್ಲ. ನೆಲದ ಮೇಲೆ ಸರಿಯಾಗಿ 1 ಮೀಟರ್ ನಿಲ್ಲುವಂಥ ನೆಟ್ಟನೆಯ ಕೋಲು, ಸಮತಟ್ಟಾದ ಅಂಗಳ ಅಥವಾ ತಾರಸಿ, ಒಂದು ಅಳತೆ ಟೇಪು ಸಾಕು. ಕೋಲು ವಾಲಬಾರದು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಬೇಕು, ಗಾರೆಯವರು ಗೋಡೆಗೆ ನೋಡುವ ಹಾಗೆ. ಬೆಳಿಗ್ಗೆ 11.45ರಿಂದ ಮಧ್ಯಾಹ್ನ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಬೇಕು. ಎಲ್ಲಕ್ಕಿಂತ ಗಿಡ್ಡ ನೆರಳು ಎಷ್ಟು ಉದ್ದ, ಅದು ಎಷ್ಟು ಗಂಟೆಗೆ ಬಿತ್ತು? ಇಷ್ಟೇ ಪ್ರಶ್ನೆ.

ಸಮಯ ನೋಡಿದಾಗ ಮೊದಲ ಗಲಾಟೆ ಶುರುವಾಗುತ್ತದೆ. 'ಸಾರ್, ಹನ್ನೆರಡಕ್ಕೆ ನಡು ಮಧ್ಯಾಹ್ನ ಅಲ್ವಾ? ನಂಗೆ ಹನ್ನೆರಡೂ ಇಪ್ಪತ್ತೈದಕ್ಕೆ ಬಂತು!' ಗಡಿಯಾರ ಕೆಟ್ಟಿಲ್ಲ. ನಮ್ಮ ದೇಶದ ಗಂಟೆಯನ್ನು ಇಟ್ಟಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಹಾಸನ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಸಾಲಿಗೆ ತಡವಾಗಿ ಬರುತ್ತಾನೆ. ಬೆಂಗಳೂರಿನ ಮಗುವಿಗೆ ಇನ್ನೂ ಐದಾರು ನಿಮಿಷ ಮೊದಲೇ, ಮಂಗಳೂರಿನ ಮಗುವಿಗೆ ಐದು ನಿಮಿಷ ಆಮೇಲೆ. ಮಗು ತಾನೇ ಗುರುತು ಹಾಕಿ ಕಂಡುಕೊಂಡ ಇಪ್ಪತ್ತೈದು ನಿಮಿಷವನ್ನು ಜನ್ಮದಲ್ಲಿ ಮರೆಯುವುದಿಲ್ಲ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮರುದಿನವೇ ಮರೆಯುತ್ತದೆ.

ಉದ್ದದ ಲೆಕ್ಕ ಹೀಗೆ. ಡಿಸೆಂಬರ್ 21 ಅಥವಾ 22ರಂದು ಸೂರ್ಯ ದಕ್ಷಿಣದ ಕೊನೆ ಮುಟ್ಟಿರುತ್ತಾನೆ. ಆಗ ಹಾಸನ, ಬೆಂಗಳೂರಿನ ಅಕ್ಷಾಂಶದಲ್ಲಿ 1 ಮೀಟರ್ ಕೋಲಿನ ಗಿಡ್ಡ ನೆರಳು ಸುಮಾರು 74 ಸೆಂ.ಮೀ. ಅದೇ ದಿನ ಬೀದರಿನಲ್ಲಿ ಸುಮಾರು 88. ಐದು ಡಿಗ್ರಿ ಉತ್ತರಕ್ಕೆ ಹೋದದ್ದಕ್ಕೆ ಹದಿನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ನಿಮ್ಮ ನೆಂಟರ ಮಕ್ಕಳು ಕಲಬುರಗಿಯಲ್ಲೋ ಬೀದರಿನಲ್ಲೋ ಇದ್ದರೆ ಇಬ್ಬರೂ ಒಂದೇ ದಿನ ಅಳೆದು ಫೋನಿನಲ್ಲಿ ಹೇಳಿಕೊಳ್ಳಲಿ. ಭೂಮಿ ದುಂಡಗಿದೆ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ನನಗೆ ಗೊತ್ತಿಲ್ಲ.

ರಜೆಯಲ್ಲಿ ಪ್ರತಿದಿನ ಅಳೆದರೆ ಏನೂ ಬದಲಾಗದಂತೆ ಕಂಡು ಮಕ್ಕಳಿಗೆ ಬೇಸರವಾಗುತ್ತದೆ. ಹೊಸ ವರ್ಷದ ದಿನಕ್ಕೆ ಒಂದು, ಒಂದೂವರೆ ಸೆಂಟಿಮೀಟರ್ ಮಾತ್ರ ಕಡಿಮೆ. ಕೋಲನ್ನು ಕೀಳಬೇಡಿ. ಸಂಕ್ರಾಂತಿಯ ದಿನ ಮತ್ತೆ ಅಳೆಯಿರಿ; 68ರ ಹತ್ತಿರ ಬರುತ್ತದೆ. ಆಗ ಚುರುಕಾದ ಮಗು ಒಂದು ಪ್ರಶ್ನೆ ಕೇಳಿಯೇ ಕೇಳುತ್ತದೆ: 'ಉತ್ತರಾಯಣ ಸಂಕ್ರಾಂತಿಗೆ ಶುರು ಅಂತೀರಿ, ನೆರಳು ಮೊದಲೇ ಗಿಡ್ಡ ಆಗಿದೆಯಲ್ಲ?' ಗದರಿಸಬೇಡಿ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುವುದರಿಂದ ನಕ್ಷತ್ರಗಳನ್ನು ಹಿಡಿದು ಎಣಿಸುವ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬಿದ್ದಿದೆ. ಎರಡರ ನಡುವೆ ಈಗ ಮೂರು ವಾರಕ್ಕೂ ಹೆಚ್ಚು ಅಂತರ. ಹಬ್ಬವನ್ನು ಹಬ್ಬದ ದಿನವೇ ಮಾಡೋಣ, ಎಳ್ಳುಬೆಲ್ಲಕ್ಕೆ ಇದರಿಂದ ರುಚಿ ಕಡಿಮೆಯಾಗುವುದಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಒಂದು ಸಲ ಮಗುವಿನ ಜೊತೆ ಹೊರಗೆ ಬನ್ನಿ. ನೆತ್ತಿಯ ಹತ್ತಿರ ಪುಟ್ಟ ಗೊಂಚಲಿನಂತೆ ಕಾಣುವುದು ಕೃತ್ತಿಕೆ. ಎಷ್ಟು ನಕ್ಷತ್ರ ಕಾಣುತ್ತವೆ, ಎಣಿಸಲಿ. ಎಲ್ಲರೂ ಐದಾರು ಎಣಿಸುವಾಗ ಒಂದು ಮಗು ಮಾತ್ರ 'ಬರೀ ಮಂಜು' ಎಂದರೆ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ಯಿರಿ. ಹಿಂದಿನ ಬೆಂಚಿನ ಎಷ್ಟೋ 'ದಡ್ಡರು' ಕನ್ನಡಕ ಬಂದ ತಿಂಗಳಲ್ಲಿ ಜಾಣರಾದದ್ದನ್ನು ನೋಡಿದ್ದೇನೆ.

ಚಳಿಯ ವಿಷಯ. ಇದ್ದಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಶಿವಮೊಗ್ಗದ ಕಡೆ ಕಾಡಂಚಿನ ಅಜ್ಜಿ ಮನೆಗೆ ಹೋಗುವವರಿಗೆ ಇನ್ನೊಂದು ಮಾತು: 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತನಕ. ಅದು ಉಣ್ಣೆಗಳಿಂದ ಹರಡುತ್ತದೆ. ಸತ್ತ ಮಂಗ ಕಂಡರೆ ಮಕ್ಕಳು ಹತ್ತಿರ ಹೋಗಬಾರದು, ದೊಡ್ಡವರು ಆಸ್ಪತ್ರೆಗೆ ತಿಳಿಸಬೇಕು.

ಈಗ ನಾನು ಈ ಲೇಖನ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಇದೇ ರಜೆ ಮುಗಿದು ಶಾಲೆ ತೆರೆದ ದಿನ ಎಂಟನೇ ತರಗತಿಯ ಹಾಜರಿ ಕೂಗುತ್ತಿದ್ದೆ. ನಾನು ಊರಿನಲ್ಲಿರಲಿಲ್ಲ, ಹಿಂದಿನ ರಾತ್ರಿಯಷ್ಟೇ ಬಂದಿದ್ದೆ. ಒಂದು ಹೆಸರು ಕೂಗಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ತರಗತಿ ಪೂರ್ತಿ ತಲೆ ತಗ್ಗಿಸಿ ಕೂತಿತ್ತು. ಕೊನೆಗೆ ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, 'ಸಾರ್, ಅವನು ಹೊಂಡಕ್ಕೆ ಬಿದ್ದುಹೋದ' ಎಂದ.

ಕೃಷಿ ಹೊಂಡ. ಮಧ್ಯಾಹ್ನ ಮೂರು ಗಂಟೆ. ಮನೆಯವರೆಲ್ಲ ಕಣದಲ್ಲಿದ್ದರು. ಚೆಂಡು ನೀರಿಗೆ ಬಿದ್ದಿತ್ತು, ತೆಗೆಯಲು ಅಂಚಿಗೆ ಇಳಿದಿದ್ದಾನೆ. ಅವನಿಗೆ ಕೆರೆಯಲ್ಲಿ ಈಜು ಬರುತ್ತಿತ್ತು ಎಂದು ಅವನಪ್ಪ ನನಗೆ ನಾಲ್ಕು ಸಲ ಹೇಳಿದರು.

ಈಜು ಬಂದರೂ ಏಕೆ ಮೇಲೆ ಬರಲಾಗಲಿಲ್ಲ? 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಾದವು. ಮಳೆ ನಂಬಿದ ರೈತನಿಗೆ ಅವು ವರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಗೆ ದಡ ಇದೆ. ಹೆಜ್ಜೆ ಹೆಜ್ಜೆಗೆ ಆಳ ಹೆಚ್ಚುತ್ತದೆ, ಕಾಲಿಗೆ ಮಣ್ಣು ಸಿಗುತ್ತದೆ. ಹೊಂಡ ಚೌಕನೆಯ ಗುಂಡಿ, ಸುಮಾರು 3 ಮೀಟರ್ ಆಳ, ನಾಲ್ಕೂ ಬದಿ ಕಡಿದಾದ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಶೀಟು. ನೀರು ನಿಂತ ಶೀಟಿನ ಮೇಲೆ ಪಾಚಿ ಕಟ್ಟುತ್ತದೆ. ಅಲ್ಲಿ ಕಾಲಿಗೂ ಕೈಗೂ ಘರ್ಷಣೆ ಎಂಬುದೇ ಸಿಗುವುದಿಲ್ಲ. ಮೇಲೆ ಹತ್ತಲು ಹೋದಷ್ಟೂ ಕೆಳಗೆ ಜಾರುತ್ತಾರೆ. ಈಜಿ ಈಜಿ ಸೋತು ಹೋಗುತ್ತಾರೆ, ದೊಡ್ಡವರು ಕೂಡ.

ಆ ವರ್ಷ ಘರ್ಷಣೆಯ ಪಾಠ ನಾನೇ ಮಾಡಿದ್ದೆ. ಬಾಳೆಹಣ್ಣಿನ ಸಿಪ್ಪೆ, ಕೇರಂ ಬೋರ್ಡಿನ ಪುಡಿ, ಸವೆದ ಟೈರು ಎಲ್ಲ ಉದಾಹರಣೆ ಕೊಟ್ಟಿದ್ದೆ. ಹೊಂಡದ ಶೀಟು ನನ್ನ ಬಾಯಿಗೆ ಬರಲಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ದಿನಾ ಮೂರು ಹೊಂಡ ದಾಟಿ ಬರುತ್ತಿದ್ದೆ.

ಹೊಂಡ ಇರುವವರು ರಜೆಗೆ ಮೊದಲು ಅರ್ಧ ದಿನ ಇದಕ್ಕೆ ಕೊಡಿ. ಸುತ್ತ ಬೇಲಿ ಇದೆಯೇ, ಎಮ್ಮೆ ನುಗ್ಗಿ ಕಿತ್ತಿದೆಯೇ ನೋಡಿ. ದಪ್ಪ ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಡಿ. ಗಂಟಿನ ಹಗ್ಗವಾದರೆ ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಹಳೆಯ 20 ಲೀಟರ್ ಕ್ಯಾನಿಗೆ ಮುಚ್ಚಳ ಬಿಗಿಮಾಡಿ ಇನ್ನೊಂದು ಉದ್ದ ಹಗ್ಗಕ್ಕೆ ಕಟ್ಟಿ ದಂಡೆಯ ಮೇಲಿಡಿ. ಖಾಲಿ ಕ್ಯಾನನ್ನು ಪೂರ್ತಿ ಮುಳುಗಿಸಲು ಸುಮಾರು 20 ಕೆ.ಜಿ. ಭಾರ ಬೇಕು. ನೀರಿನಲ್ಲಿರುವ ಮನುಷ್ಯನ ತಲೆ ಮೇಲಿರಲು ಕೆಲವೇ ಕೆ.ಜಿ.ಯಷ್ಟು ಆಸರೆ ಸಾಕು. ಉಳಿದದ್ದನ್ನು ನೀರೇ ಹೊರುತ್ತದೆ. ಆರ್ಕಿಮಿಡೀಸನ ನಿಯಮವನ್ನು ನಾನು ಈಗ ಇದೇ ಕ್ಯಾನಿನಿಂದ ಕಲಿಸುತ್ತೇನೆ.

ಮಕ್ಕಳೇ, ನಿಮಗೆ ಹೇಳುವುದು ಇದು. ಚೆಂಡು ಹೋದರೆ ಹೋಯಿತು. ಗೆಳೆಯ ಬಿದ್ದರೆ ನೀವು ಹಿಂದೆಯೇ ಹಾರಬೇಡಿ; ಕ್ಯಾನು, ಹಗ್ಗ, ಉದ್ದ ಕೋಲು, ಪಂಚೆ, ಸೀರೆ, ಸಿಕ್ಕಿದ್ದನ್ನು ಎಸೆಯಿರಿ, ಮಲಗಿಕೊಂಡು ಚಾಚಿ, ಕೂಗಿ. ಮುಳುಗುವವರು ಸಿನಿಮಾದಲ್ಲಿ ಕಿರುಚುವ ಹಾಗೆ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಬಿಡುವಿಲ್ಲ, ಕೂಗುವುದು ಎಲ್ಲಿಂದ? ಸದ್ದಿಲ್ಲ ಎಂದು ಸುಮ್ಮನಿರಬೇಡಿ.

ದೊಡ್ಡವರಿಗೆ: ಮೇಲೆ ತೆಗೆದ ಮಗುವನ್ನು ತಲೆಯ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಅದರಿಂದ ಕಳೆದುಹೋಗುವ ನಿಮಿಷಗಳೇ ಪ್ರಾಣ. ಉಸಿರಾಟ ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಮಾಡುವ ಕ್ರಮವನ್ನು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಹಳ್ಳಿಯ ಸಂಘದ ಸಭೆಯ ದಿನ ಕರೆದರೆ ಬಂದು ತೋರಿಸಿಕೊಟ್ಟಾರು.

ಈ ಸಲದ ಡೈರಿಯ ಸೂಚನೆಯಲ್ಲಿ ಮನೆಗೆಲಸ ಎಂದು ಎರಡೇ ಸಾಲು ಬರೆದಿದ್ದೇನೆ. ಒಂದು, ಗಿಡ್ಡ ನೆರಳು ಎಷ್ಟು ಸೆಂ.ಮೀ., ಎಷ್ಟು ಗಂಟೆಗೆ? 74 ಬರದಿದ್ದರೆ ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ. ಎರಡು, ನಮ್ಮ ಹೊಂಡಕ್ಕೆ, ನಮ್ಮದಿಲ್ಲದಿದ್ದರೆ ಪಕ್ಕದ ಹೊಲದವರ ಹೊಂಡಕ್ಕೆ, ಹಗ್ಗ ಕಟ್ಟಿದೆಯೇ ಇಲ್ಲವೇ? ಅದರ ಕೆಳಗೆ ಪೋಷಕರ ಸಹಿ. ಈ ಒಂದು ಸಹಿಯನ್ನು ದಯವಿಟ್ಟು ಹೊಂಡದ ಹತ್ತಿರ ಹೋಗಿ ನೋಡಿಬಂದ ಮೇಲೆ ಹಾಕಿ.