ಬಜೆಟ್‌ನಲ್ಲಿ ಕಾಣದಿದ್ದರೂ ಬೊಕ್ಕಸವೇ ತೀರಿಸುವ ಸಾಲ

ತಂಗಡಗಿ: ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾದ ಮುದ್ದೇಬಿಹಾಳ ಭಾಗದ ಈ ಗ್ರಾಮ ಆಲಮಟ್ಟಿ ಹಾಗೂ ನಾರಾಯಣಪುರ ಆಣೆಕಟ್ಟೆಗಳ ನಡುವೆ ಕೃಷ್ಣೆಯ ದಡದಲ್ಲಿದೆ. ಈ ಎರಡೂ ಆಣೆಕಟ್ಟೆಗಳನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆ, ರಾಜ್ಯದ ಹಣಕಾಸು ಸುಧಾರಣೆಗೂ ಒಂದು ಪಾಠ.

ಬಚಾವತ್ ನ್ಯಾಯಮಂಡಳಿಯ ನೀರು ಹಂಚಿಕೆಯನ್ನು 2000ದ ಮೇ 31ರ ನಂತರ ಪುನರ್‌ಪರಿಶೀಲಿಸಲು ಅವಕಾಶವಿತ್ತು. ಅಷ್ಟರೊಳಗೆ ತನ್ನ ಪಾಲನ್ನು ಬಳಸಿಕೊಳ್ಳುವ ತರಾತುರಿಯಲ್ಲಿದ್ದ ಸರ್ಕಾರ, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸ್ಥಾಪಿಸಿತು. ಸರ್ಕಾರದ ಖಾತರಿಯ ಮೇಲೆ ನಿಗಮವು ಬಾಂಡ್‌ಗಳ ಮೂಲಕ ಹಣ ಸಂಗ್ರಹಿಸಿತು. ಕಾಮಗಾರಿ ಚುರುಕಾಯಿತು.

ತೊಡಕು ಇರುವುದು ಲೆಕ್ಕದಲ್ಲಿ. ನಿಗಮದ ಹೆಸರಿನ ಸಾಲ ಬಜೆಟ್‌ನ ವಿತ್ತೀಯ ಕೊರತೆಯಲ್ಲಿ ಸೇರುವುದಿಲ್ಲ. ಆದರೆ ನೀರಿನ ಕರದಿಂದ ಅಸಲು, ಬಡ್ಡಿ ತೀರದು. ಕೊನೆಗೆ ಹೊರೆ ಬೊಕ್ಕಸಕ್ಕೇ.

2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರಾಜ್ಯಗಳ ಪೈಕಿ ಮೊದಲಿಗೆ ತಂದ ಕರ್ನಾಟಕ, ಕೊರತೆಗೆ ಆಂತರಿಕ ಉತ್ಪನ್ನದ ಶೇ 3ರ ಮಿತಿ ಹಾಕಿಕೊಂಡಿತು. ಬಜೆಟ್‌ನಿಂದ ತೀರಿಸುವ ನಿಗಮಗಳ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೇ ಪರಿಗಣಿಸುವುದಾಗಿ 2022ರಲ್ಲಿ ಕೇಂದ್ರ ತಿಳಿಸಿತು. ಹೀಗಾಗಿ ಹಳೆಯ ಒಳದಾರಿ ಬಹುತೇಕ ಮುಚ್ಚಿದೆ.

ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಬೇಕಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು.

ಈ ಹಣ ತೆರಿಗೆಯಿಂದ, ನೇರ ಸಾಲದಿಂದ ಅಥವಾ ಇತರ ವೆಚ್ಚಗಳ ಕಡಿತದಿಂದ ಬರಬೇಕು. ಯಾವುದಕ್ಕೆ ಕತ್ತರಿ ಎಂಬುದನ್ನು ನಿರ್ಧರಿಸುವುದು ತಡವಾದಷ್ಟೂ, ಭೂಮಿ ಬಿಟ್ಟುಕೊಡಬೇಕಾದ ರೈತರ ಕಾಯುವಿಕೆ ಬೆಳೆಯುತ್ತದೆ.